ಜಾಲಪುಟಕ್ಕೆ ಮಾನಕಗಳು ಇಂದಿಗೂ ಬೇಕೆ?

ಯಳಂದೂರಿನಿಂದ ಕೊಳ್ಳೇಗಾಲಕ್ಕೆ ಬಸ್ಸಿನಲ್ಲಿ ಹೆಚ್ಚೆಂದರೆ ಅರ್ಧ ಗಂಟೆಯ ಹಾದಿ. ಇಷ್ಟು ಸಮೀಪದ ಈ ಎರಡು ಊರುಗಳು 1956ನೆಯ ಇಸವಿಯ ನವೆಂಬರ್ 1ರವರೆಗೆ ಎರಡು ಬೇರೆ ಬೇರೆ ರಾಜ್ಯಗಳಿಗೆ ಸೇರಿದ್ದುವು. 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದೊರೆತ ಯಳಂದೂರು ಮೈಸೂರಿನದು. ಕೊಳ್ಳೇಗಾಲವೂ, ಆಗ ಅದರ ಭಾಗವಾಗಿದ್ದು ಈಗ ತಾನೇ ಒಂದು ತಾಲ್ಲೂಕಾಗಿರುವ ಹನೂರು ಸೀಮೆಯೂ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿದ್ದುವು. ಎರಡು ಕಡೆಯೂ ಜನರ ನುಡಿ ಒಂದೇ ಆಗಿದ್ದರೂ ಆಡಳಿತ ಬೇರೆಯಾಗಿದ್ದಿತು.

ಆ ದಿನಗಳಲ್ಲಿ ‘ಸೇರು’ ಎಂಬ ಒಂದೇ ಹೆಸರಿಗೆ ದೇಶದಲ್ಲಿ ಹಲವು ಅರ್ಥಗಳಿದ್ದುವು. ಮದರಾಸಿನ ಲೆಕ್ಕದಲ್ಲಿ ತೂಕದ ಸೇರಿಗೆ 24 ತೊಲ. ಬ್ರಿಟಿಷ್ ಸರ್ಕಾರವು ಅಂಗೀಕರಿಸಿದ್ದ ಲೆಕ್ಕದಲ್ಲಿ 80 ತೊಲ. ಮೊದಲನೆಯದು ಇಂದಿನ ಸುಮಾರು 280 ಗ್ರಾಂ, ಎರಡನೆಯದು ಸುಮಾರು 933 ಗ್ರಾಂ. ಮಾರುವವನೂ ಕೊಳ್ಳುವವನೂ ಒಂದೇ ಪದವನ್ನು ಉಚ್ಚರಿಸಿ ಬೇರೆ ಬೇರೆ ತೂಕವನ್ನು ಮನಸ್ಸಿನಲ್ಲಿಟ್ಟುಕೊಂಡರೆ ವ್ಯವಹಾರವು ಹೇಗೆ ನಡೆದೀತು? ಈ ತೊಡಕನ್ನು ಪರಿಹರಿಸಲೆಂದೇ 1956ರಲ್ಲಿ ತೂಕ ಮತ್ತು ಅಳತೆಗಳ ಮಾನಕ ಕಾಯಿದೆ ಬಂದಿತು. 1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯಪದ್ಧತಿ ಜಾರಿಯಾಯಿತು. ಈಗ ಕಿಲೋಗ್ರಾಂ ಎಂದರೆ ಯಳಂದೂರಿನಲ್ಲಿಯೂ ಕೊಳ್ಳೇಗಾಲದಲ್ಲಿಯೂ ಕಾಶ್ಮೀರದಲ್ಲಿಯೂ ಒಂದೇ.

ಇಂದು ನಾವು ಪರೀಕ್ಷೆಯ ಫಲಿತಾಂಶ, ವಿದ್ಯಾರ್ಥಿವೇತನ, ಪಹಣಿ, ಬಸ್ಸಿನ ವೇಳೆ ಇವೆಲ್ಲವನ್ನೂ ಜಾಲತಾಣಗಳಿಂದ ಪಡೆಯುತ್ತೇವೆ. ಆ ಪುಟಗಳನ್ನು ರಚಿಸುವುದಕ್ಕೂ ಸೇರು-ತೊಲಗಳಂತಹ ಮಾನಕಗಳುಂಟು. ಬ್ರೌಸರುಗಳು ಇಷ್ಟು ಮುಂದುವರಿದಿರುವಾಗ, ಪುಟವನ್ನು ಬರೆದುಕೊಡುವ ಉಪಕರಣಗಳೇ ಸಿದ್ಧವಾಗಿರುವಾಗ, ಈ ಮಾನಕಗಳನ್ನು ಪಾಲಿಸುವ ಶ್ರಮ ಇನ್ನೂ ಬೇಕೆ ಎಂಬ ಪ್ರಶ್ನೆಯನ್ನು ಅನೇಕರು ಕೇಳುತ್ತಾರೆ. ಕನ್ನಡ ಲಿಪಿಯು ಜಾಲದಲ್ಲಿ ಪಟ್ಟ ಪಾಡನ್ನು ತಿಳಿದವರಿಗೆ ಇದರ ಉತ್ತರವು ಕಷ್ಟವಲ್ಲ.

ಮಾನಕಗಳು ಹುಟ್ಟಿದ ಬಗೆ

ಜಿನೀವಾ ನಗರದ ಬಳಿಯ ಸರ್ನ್ ಎಂಬ ಭೌತವಿಜ್ಞಾನ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದ ಟಿಮ್ ಬರ್ನರ್ಸ್-ಲೀ ಅವರು 1989ರಲ್ಲಿ ವರ್ಲ್ಡ್ ವೈಡ್ ವೆಬ್ಬಿನ ಕಲ್ಪನೆಯನ್ನು ಮುಂದಿಟ್ಟರು. ಅಲ್ಲಿನ ವಿಜ್ಞಾನಿಗಳ ಬಳಿ ಹಲವು ಬಗೆಯ ಗಣಕಯಂತ್ರಗಳಿದ್ದು, ಒಂದರ ಬರೆಹ ಇನ್ನೊಂದಕ್ಕೆ ತಿಳಿಯುತ್ತಿರಲಿಲ್ಲ. ಯಾವ ಯಂತ್ರದಲ್ಲಿ ಬರೆದರೂ ಯಾವ ಯಂತ್ರದಲ್ಲಾದರೂ ಓದಲು ಬರಬೇಕೆಂಬುದೇ ಅವರ ಯೋಜನೆಯ ತಿರುಳು. ಇದಕ್ಕಾಗಿ ಎಚ್‌ಟಿಎಂಎಲ್ ಎಂಬ ಬರೆಹದ ಕ್ರಮ ಹುಟ್ಟಿತು. ಇದರಲ್ಲಿ ಲೇಖಕನು ತನ್ನ ಬರೆಹದ ಪ್ರತಿಯೊಂದು ಭಾಗಕ್ಕೂ ಒಂದು ಗುರುತು ಹಾಕುವನು: ಇದು ಶಿರೋನಾಮೆ, ಇದು ಪರಿಚ್ಛೇದ, ಇದು ಪಟ್ಟಿ, ಇದು ಕೋಷ್ಟಕ. ಈ ಗುರುತುಗಳನ್ನು ಟ್ಯಾಗ್ ಎನ್ನುವರು. ಓದುಗನ ಯಂತ್ರದಲ್ಲಿರುವ ಬ್ರೌಸರು ಅವನ್ನು ನೋಡಿ ಪುಟವನ್ನು ತನ್ನ ಪರದೆಗೆ ತಕ್ಕಂತೆ ಜೋಡಿಸಿ ತೋರಿಸುವುದು.

ಆದರೆ ಒಪ್ಪಂದವಿಲ್ಲದಿದ್ದರೆ ಗುರುತುಗಳಿಗೆ ಬೆಲೆಯಿಲ್ಲ. ಒಪ್ಪಂದವನ್ನು ಕಾಯುವುದಕ್ಕಾಗಿ 1994ರಲ್ಲಿ ವರ್ಲ್ಡ್ ವೈಡ್ ವೆಬ್ ಕನ್ಸಾರ್ಟಿಯಂ ಎಂಬ ಸಂಸ್ಥೆ ಸ್ಥಾಪಿತವಾಯಿತು. ಪುಟದ ರೂಪ, ಬಣ್ಣ, ಅಂತರಗಳನ್ನು ತಿಳಿಸುವ ಸಿಎಸ್‌ಎಸ್ ಎಂಬ ಮಾನಕದ ಮೊದಲ ಆವೃತ್ತಿ 1996ರಲ್ಲಿ ಹೊರಬಿದ್ದಿತು. ಬರೆಹದ ಅರ್ಥವನ್ನು ಎಚ್‌ಟಿಎಂಎಲ್ ಹೇಳಬೇಕು, ಅಲಂಕಾರವನ್ನು ಸಿಎಸ್‌ಎಸ್ ನೋಡಿಕೊಳ್ಳಬೇಕು ಎಂಬುದು ಅಂದಿನಿಂದ ಬಂದ ಕೆಲಸದ ಹಂಚಿಕೆ.

ಅದೇ ಕಾಲದಲ್ಲಿ ನೆಟ್‌ಸ್ಕೇಪ್ ಮತ್ತು ಮೈಕ್ರೋಸಾಫ್ಟ್ ಕಂಪೆನಿಗಳ ಬ್ರೌಸರುಗಳ ನಡುವೆ ತೀವ್ರ ಪೈಪೋಟಿ ನಡೆಯಿತು. ಗ್ರಾಹಕರನ್ನು ಸೆಳೆಯಲು ಇಬ್ಬರೂ ಮಾನಕದಲ್ಲಿಲ್ಲದ ತಮ್ಮದೇ ಗುರುತುಗಳನ್ನು ಸೇರಿಸುತ್ತ ಹೋದರು. ಒಂದರಲ್ಲಿ ಚೆನ್ನಾಗಿ ಕಾಣುವ ಪುಟ ಇನ್ನೊಂದರಲ್ಲಿ ಒಡೆದುಹೋಗುತ್ತಿದ್ದಿತು. ಇದರಿಂದ ಬೇಸತ್ತ ಜಾಲತಾಣ ನಿರ್ಮಾಪಕರು 1998ರಲ್ಲಿ ‘ವೆಬ್ ಸ್ಟ್ಯಾಂಡರ್ಡ್ಸ್ ಪ್ರಾಜೆಕ್ಟ್’ ಎಂಬ ಕೂಟವನ್ನು ಕಟ್ಟಿ, ಬ್ರೌಸರು ತಯಾರಕರು ಮಾನಕಗಳನ್ನು ಪಾಲಿಸಬೇಕೆಂದು ಒತ್ತಾಯಿಸಿದರು. ತನ್ನ ಉದ್ದೇಶ ಬಹುಮಟ್ಟಿಗೆ ನೆರವೇರಿತೆಂದು ಭಾವಿಸಿ ಆ ಕೂಟವು 2013ರಲ್ಲಿ ತನ್ನ ಕೆಲಸವನ್ನು ಮುಗಿಸಿತು.

ಕನ್ನಡಕ್ಕೆ ಒದಗಿದ ಸಂಕಟ

ಇಂಗ್ಲಿಷ್ ಪುಟಗಳಿಗೆ ಮಾನಕಭಂಗದಿಂದ ಆದ ತೊಂದರೆ ಬಹುಮಟ್ಟಿಗೆ ಅಂದಚೆಂದದ್ದು. ಕನ್ನಡದಲ್ಲಿಯಾದರೋ ಅಕ್ಷರಗಳೇ ಅಳಿದುಹೋಗುವ ಸ್ಥಿತಿ ಬಂದಿತು.

ಗಣಕಯಂತ್ರವು ಅಕ್ಷರಗಳನ್ನು ಅರಿಯದು. ಅದು ಬಲ್ಲುದು ಸಂಖ್ಯೆಗಳನ್ನು ಮಾತ್ರ. ಆದುದರಿಂದ ಪ್ರತಿಯೊಂದು ಅಕ್ಷರಕ್ಕೂ ಒಂದು ಸಂಖ್ಯೆಯನ್ನು ಗೊತ್ತುಮಾಡಬೇಕು. ಹಳೆಯ ಪದ್ಧತಿಯಲ್ಲಿ ಒಂದು ಫಾಂಟಿಗೆ ದೊರೆಯುತ್ತಿದ್ದುದು 256 ಸ್ಥಾನಗಳು ಮಾತ್ರ. ಅವುಗಳಲ್ಲಿ ಇಂಗ್ಲಿಷ್ ಅಕ್ಷರಗಳಿಗೂ ಯುರೋಪಿನ ಇತರ ಚಿಹ್ನೆಗಳಿಗೂ ಮೀಸಲಾದ ಮನೆಗಳಲ್ಲಿ ಕನ್ನಡದ ಅಕ್ಷರ, ಗುಣಿತದ ಚಿಹ್ನೆ, ಒತ್ತಕ್ಷರ ಇವುಗಳ ಚಿತ್ರಗಳನ್ನು ತುಂಬುವ ಉಪಾಯವನ್ನು ತಂತ್ರಾಂಶ ತಯಾರಕರು ಕಂಡುಕೊಂಡರು. ಯಂತ್ರದ ದೃಷ್ಟಿಯಲ್ಲಿ ಅದು ಇಂಗ್ಲಿಷ್ ಬರೆಹವೇ; ನಮ್ಮ ಕಣ್ಣಿಗೆ ಮಾತ್ರ ಕನ್ನಡ. ಇಷ್ಟಾದರೂ ಚಿಂತೆಯಿರಲಿಲ್ಲ, ಎಲ್ಲರೂ ಒಂದೇ ಬಗೆಯಲ್ಲಿ ತುಂಬಿದ್ದರೆ! ಆದರೆ ಪ್ರತಿಯೊಬ್ಬ ತಯಾರಕನೂ ತನಗೆ ತೋರಿದ ಮನೆಯಲ್ಲಿ ತನಗೆ ತೋರಿದ ಅಕ್ಷರವನ್ನು ಕೂರಿಸಿದನು. ಒಂದು ಫಾಂಟಿನಲ್ಲಿ ಬರೆದುದನ್ನು ಇನ್ನೊಂದರಲ್ಲಿ ತೆರೆದರೆ ಅರ್ಥವಿಲ್ಲದ ಗೀಚು ಕಾಣುತ್ತಿದ್ದಿತು. ಸೇರಿನ ಕಥೆಯೇ ಇಲ್ಲಿ ಮತ್ತೆ ನಡೆಯಿತೆನ್ನಬಹುದು.

ಇದನ್ನು ಸರಿಪಡಿಸಲು ಕನ್ನಡಿಗರು ಪ್ರಯತ್ನಿಸದೆ ಇರಲಿಲ್ಲ. ಕೆ. ಪಿ. ರಾವ್ ಅವರು ಕನ್ನಡದ ಧ್ವನಿಕ್ರಮಕ್ಕೆ ಒಪ್ಪುವ ಕೀಲಿಮಣೆಯನ್ನು ರೂಪಿಸಿದರು. ಶೇಷಾದ್ರಿವಾಸು ಚಂದ್ರಶೇಖರನ್ ಅವರ ‘ಬರಹ’ ತಂತ್ರಾಂಶ 1998ರಲ್ಲಿ ಬಂದಿತು. ಕನ್ನಡ ಗಣಕ ಪರಿಷತ್ತು ‘ನುಡಿ’ಯನ್ನು ಸಿದ್ಧಪಡಿಸಿತು. ಫಾಂಟಿನ ಮನೆಗಳಲ್ಲಿ ಏಕರೂಪತೆಯನ್ನು ತರುವ ಯತ್ನವೂ ನಡೆಯಿತು. ಇವುಗಳಿಂದ ಕಛೇರಿಗಳಲ್ಲಿ ಕನ್ನಡದ ಬೆರಳಚ್ಚು ಬೆಳೆಯಿತೆಂಬುದು ನಿಜ. ಆದರೆ ಯಂತ್ರವು ಕನ್ನಡವನ್ನು ಇಂಗ್ಲಿಷೆಂದು ತಿಳಿಯುವವರೆಗೆ ಜಾಲದಲ್ಲಿ ಕನ್ನಡಕ್ಕೆ ನೆಲೆ ಸಿಕ್ಕದು.

ಜಾಲತಾಣಗಳು ಆಗ ಇನ್ನೊಂದು ಉಪಾಯ ಮಾಡಿದುವು: ಪುಟದೊಂದಿಗೆ ಫಾಂಟನ್ನೂ ಓದುಗನಿಗೆ ಕಳುಹಿಸುವುದು. ಇದಕ್ಕೆ ಮೈಕ್ರೋಸಾಫ್ಟಿನದೊಂದು ವಿಧಾನ, ನೆಟ್‌ಸ್ಕೇಪಿನದೊಂದು ವಿಧಾನ. ಮೊದಲನೆಯದು ಇಂಟರ್ನೆಟ್ ಎಕ್ಸ್‌ಪ್ಲೋರರ್ ಎಂಬ ಬ್ರೌಸರಿನಲ್ಲಿ ಮಾತ್ರ ನಡೆಯುತ್ತಿದ್ದಿತು. ಭಾರತೀಯ ಭಾಷೆಗಳ ಅನೇಕ ತಾಣಗಳು ಅದನ್ನೇ ನೆಚ್ಚಿದುವು. ಬೇರೆ ಬ್ರೌಸರಿನವರಿಗೆ ಅಲ್ಲಿ ಕಾಣುತ್ತಿದ್ದುದು ಗೀಚು. ಹುಡುಕುಯಂತ್ರಗಳಿಗೂ ಗೀಚೇ ದೊರೆಯುತ್ತಿದ್ದುದರಿಂದ ಆ ತಾಣಗಳ ಒಂದು ಸುದ್ದಿಯನ್ನೂ ಕನ್ನಡದಲ್ಲಿ ಹುಡುಕಿ ತೆಗೆಯಲು ಸಾಧ್ಯವಿರಲಿಲ್ಲ. ಹೀಗೆ ಬರೆದಿಟ್ಟ ಪುಟಗಳು, ಆ ಫಾಂಟೂ ಆ ಬ್ರೌಸರೂ ಮರೆಯಾದೊಡನೆ ಬೀಗದ ಕೈ ಕಳೆದ ಪೆಟ್ಟಿಗೆಗಳಾದುವು.

ಕೊಳ್ಳೇಗಾಲ ಎಂಬ ಪದದೊಳಗೆ

ಈ ಬೀಗವನ್ನು ತೆಗೆದುದು ಯುನಿಕೋಡ್ ಎಂಬ ಜಾಗತಿಕ ಮಾನಕ. 1991ರಲ್ಲಿ ಮೊದಲು ಪ್ರಕಟವಾದ ಇದು ಪ್ರಪಂಚದ ಪ್ರತಿಯೊಂದು ಲಿಪಿಗೂ ಪ್ರತ್ಯೇಕ ಸಂಖ್ಯೆಗಳನ್ನು ಕೊಡುವುದು. ಭಾರತೀಯ ಲಿಪಿಗಳ ವಿಷಯದಲ್ಲಿ ನಮ್ಮ ದೇಶದಲ್ಲಿಯೇ 1988ರಲ್ಲಿ ಸಿದ್ಧವಾದ ಇಸ್ಕಿ ಎಂಬ ಸಂಕೇತಪದ್ಧತಿಯ ಕ್ರಮವನ್ನು ಯುನಿಕೋಡ್ ಅನುಸರಿಸಿತು. ಕನ್ನಡಕ್ಕೆ ಮೀಸಲಾದ ಮನೆಗಳು 3200ರಿಂದ 3327ರವರೆಗೆ, ಒಟ್ಟು 128. ‘ಕ’ಕಾರದ ಸಂಖ್ಯೆ 3221. ಹನೂರಿನ ಮೊಬೈಲಿನಲ್ಲಿಯೂ ಟೋಕಿಯೋದ ಗಣಕದಲ್ಲಿಯೂ ಅದು 3221ವೇ.

ಕೊಳ್ಳೇಗಾಲ ಎಂಬ ಪದವನ್ನೇ ಬಿಡಿಸಿ ನೋಡೋಣ. ಕ, ಒಕಾರದ ಚಿಹ್ನೆ, ಳ, ವಿರಾಮ, ಳ, ಏಕಾರದ ಚಿಹ್ನೆ, ಗ, ಆಕಾರದ ಚಿಹ್ನೆ, ಲ: ಹೀಗೆ ಒಂಬತ್ತು ಸಂಕೇತಗಳು. ಇಲ್ಲಿ ಳಕಾರದ ಒತ್ತಿಗೆ ಬೇರೆ ಸಂಖ್ಯೆಯಿಲ್ಲವೆಂಬುದನ್ನು ಗಮನಿಸಿರಿ. ಎರಡು ಳಕಾರಗಳ ನಡುವೆ ವಿರಾಮವಿದ್ದರೆ ಎರಡನೆಯದನ್ನು ಒತ್ತಾಗಿ ಬರೆಯಬೇಕೆಂಬುದನ್ನು ಫಾಂಟು ತಾನೇ ತಿಳಿಯುವುದು. ‘ಸೂರ್ಯ’ ಎಂಬಲ್ಲಿಯೂ ಹೀಗೆಯೇ. ಅರ್ಕಾವೊತ್ತನ್ನು ಹಾಕಿ ಬರೆದರೆ ರಕಾರದ ಗುರುತು ಯಕಾರದ ನಂತರ ಬರುವುದು. ಆದರೂ ಯಂತ್ರದೊಳಗೆ ಅದು ಉಚ್ಚಾರಣೆಯ ಕ್ರಮದಲ್ಲಿಯೇ, ಮೊದಲು ರಕಾರವಾಗಿಯೇ, ಇರುವುದು. ಅಕ್ಷರದ ಅರ್ಥವನ್ನು ಅದರ ಆಕಾರದಿಂದ ಬೇರ್ಪಡಿಸಿದುದೇ ಯುನಿಕೋಡಿನ ಹಿರಿಮೆ. ಹಳೆಯ ಫಾಂಟುಗಳಲ್ಲಿ ಸಂಗ್ರಹವಾಗುತ್ತಿದ್ದುದು ಆಕಾರ ಮಾತ್ರ. ಆದುದರಿಂದಲೇ ಅಕಾರಾದಿಯಾಗಿ ಜೋಡಿಸುವುದೂ ಹುಡುಕುವುದೂ ಅಲ್ಲಿ ದುಸ್ಸಾಧ್ಯವಾಗಿದ್ದುವು.

ಯುನಿಕೋಡನ್ನು ಬಳಸಿದ ಮಾತ್ರಕ್ಕೆ ಎಲ್ಲವೂ ಮುಗಿಯಿತೆಂದಲ್ಲ. ‘ಕೊ’ ಎಂಬಲ್ಲಿನ ಒಕಾರದ ಚಿಹ್ನೆಯನ್ನು 3274 ಎಂಬ ಒಂದೇ ಸಂಖ್ಯೆಯಿಂದ ಬರೆಯಬಹುದು. 3270 ಮತ್ತು 3266, ಅಂದರೆ ಎಕಾರದ ಚಿಹ್ನೆ ಮತ್ತು ಊಕಾರದ ಚಿಹ್ನೆ, ಇವನ್ನು ಒಂದರ ಮುಂದೊಂದು ಇಟ್ಟೂ ಬರೆಯಬಹುದು. ಏಕಾರದ ಚಿಹ್ನೆಯನ್ನೂ ಹಾಗೆಯೇ ಎಕಾರದ ಚಿಹ್ನೆ ಮತ್ತು ದೀರ್ಘದ ಗುರುತು ಎಂದು ಎರಡಾಗಿ ಒಡೆಯಬಹುದು. ಆಗ ಕೊಳ್ಳೇಗಾಲದಲ್ಲಿ ಒಂಬತ್ತರ ಬದಲು ಹನ್ನೊಂದು ಸಂಕೇತಗಳಾಗುವುವು. ಕಣ್ಣಿಗೆ ಎರಡೂ ಒಂದೇ. ಸಂಖ್ಯೆಗಳನ್ನು ಮಾತ್ರ ಹೋಲಿಸುವ ಯಂತ್ರಕ್ಕೆ ಎರಡೂ ಬೇರೆ. ಇವೆರಡು ಸಮಾನವೆಂದು ಯುನಿಕೋಡ್ ಸ್ಪಷ್ಟವಾಗಿ ವಿಧಿಸಿದೆ. ಒಂದನ್ನು ಇನ್ನೊಂದಕ್ಕೆ ಪರಿವರ್ತಿಸುವ ನಿಯಮವನ್ನೂ ಕೊಟ್ಟಿದೆ. ಜಾಲಪುಟಗಳಲ್ಲಿ ಕೂಡಿಸಿದ ರೂಪವನ್ನು ಬಳಸುವುದು ಮೇಲೆಂದು ವೆಬ್ ಕನ್ಸಾರ್ಟಿಯಂ ಸಲಹೆ ಮಾಡಿದೆ. ಈ ನಿಯಮವನ್ನು ಕಡೆಗಣಿಸಿ ಕಟ್ಟಿದ ತಾಣದಲ್ಲಿ ಒಬ್ಬನು ‘ಕೊಳ್ಳೇಗಾಲ’ ಎಂದು ಹುಡುಕಿದರೆ ‘ಯಾವ ದಾಖಲೆಯೂ ಇಲ್ಲ’ ಎಂಬ ಉತ್ತರ ಬರಬಹುದು. ಆ ದಾಖಲೆ ಅಲ್ಲಿಯೇ ಇರುವುದು, ಸಿಕ್ಕದು! ಹನೂರಿನ ಹೆಸರಿನಲ್ಲಿ ಹೀಗೆ ಒಡೆಯುವ ಚಿಹ್ನೆಯಿಲ್ಲದಿರುವುದರಿಂದ ಅದಕ್ಕೆ ಈ ತೊಂದರೆಯಿಲ್ಲ. ಇಂತಹ ತಪ್ಪನ್ನು ಹೊರಗಿನಿಂದ ನೋಡಿ ಕಂಡುಹಿಡಿಯುವುದು ಎಷ್ಟು ಕಷ್ಟವೆಂಬುದನ್ನು ಓದುಗರೇ ಊಹಿಸಬಹುದು.

ಇನ್ನು ಮಾನಕಗಳೇಕೆ? ಮೂರು ಆಕ್ಷೇಪಗಳು

ಇವೆಲ್ಲ ಹಳೆಯ ಮಾತು, ಈಗ ಕಾಲ ಬದಲಾಗಿದೆ ಎನ್ನುವವರು ಮುಖ್ಯವಾಗಿ ಮೂರು ಆಕ್ಷೇಪಗಳನ್ನು ಎತ್ತುವರು.

ಮೊದಲನೆಯದು, ಪುಟದಲ್ಲಿ ತಪ್ಪಿದ್ದರೂ ಬ್ರೌಸರು ಅದನ್ನು ಮನ್ನಿಸಿ ಹೇಗೋ ಸರಿಯಾಗಿ ತೋರಿಸುವುದೆಂಬುದು. ಇದು ನಿಜ. ಆದರೆ ಈ ಮನ್ನಣೆ ಬಂದುದು ಎಲ್ಲಿಂದ? ಹಿಂದೆ ಒಂದೊಂದು ಬ್ರೌಸರು ಒಂದೊಂದು ರೀತಿಯಲ್ಲಿ ತಪ್ಪನ್ನು ತಿದ್ದುತ್ತಿದ್ದಿತು. 2014ರಲ್ಲಿ ಅಂಗೀಕೃತವಾದ ಎಚ್‌ಟಿಎಂಎಲ್ ಐದನೆಯ ಆವೃತ್ತಿಯು, ತಪ್ಪಾಗಿ ಬರೆದ ಪುಟವನ್ನು ಹೇಗೆ ಅರ್ಥಮಾಡಿಕೊಳ್ಳಬೇಕೆಂಬುದನ್ನು ಸಹ ಹೆಜ್ಜೆಹೆಜ್ಜೆಯಾಗಿ ವಿಧಿಸಿತು. ಆದುದರಿಂದಲೇ ಇಂದು ಎಲ್ಲ ಬ್ರೌಸರುಗಳೂ ಒಂದೇ ರೀತಿಯಲ್ಲಿ ಮನ್ನಿಸುತ್ತವೆ. ಮಾನಕ ಬೇಡವೆನ್ನುವವನು ನೆಚ್ಚಿರುವುದೂ ಮಾನಕವನ್ನೇ.

ಎರಡನೆಯದು, ಈಗ ಬಹುಪಾಲು ಬ್ರೌಸರುಗಳ ಒಳಗಿನ ಯಂತ್ರವು ಒಂದೇ ಆಗಿರುವುದರಿಂದ ಅದರಲ್ಲಿ ಸರಿಯಾಗಿ ಕಂಡರೆ ಸಾಕೆಂಬುದು. ಗೂಗಲ್ಲಿನ ಕ್ರೋಮ್, 2020ರಿಂದ ಮೈಕ್ರೋಸಾಫ್ಟಿನ ಎಡ್ಜ್, ಇನ್ನೂ ಕೆಲವು ಬ್ರೌಸರುಗಳು ಕ್ರೋಮಿಯಮ್ ಎಂಬ ಒಂದೇ ಬುನಾದಿಯ ಮೇಲೆ ನಿಂತಿವೆ. ಸಫಾರಿ, ಫೈರ್‌ಫಾಕ್ಸ್‌ಗಳ ಯಂತ್ರಗಳು ಮಾತ್ರ ಬೇರೆ.

ಇದಕ್ಕೆ ಉತ್ತರವಾಗಿ ಕೊಳ್ಳೇಗಾಲದ ನೆರೆಯಲ್ಲಿಯೇ ಒಂದು ನಿದರ್ಶನವುಂಟು. ಶಿವನಸಮುದ್ರದ ವಿದ್ಯುದಾಗಾರವು 1902ರಲ್ಲಿ ಆರಂಭವಾದಾಗ ಅದರ ಪ್ರವಾಹವು ಸೆಕೆಂಡಿಗೆ 25 ಆವರ್ತಗಳದಾಗಿದ್ದಿತು. ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಯ ಯಂತ್ರಗಳೂ ಅದಕ್ಕೆ ತಕ್ಕವೇ ಆಗಿದ್ದುವು. ಉತ್ಪಾದಕನೊಬ್ಬ, ಬಳಕೆದಾರನೊಬ್ಬ ಎಂದಿರುವವರೆಗೆ 25 ಆದರೇನು, 40 ಆದರೇನು? ಆದರೆ ಹಲವು ವಿದ್ಯುದಾಗಾರಗಳನ್ನು ಒಂದೇ ಜಾಲಕ್ಕೆ ಜೋಡಿಸಬೇಕಾದಾಗ ಎಲ್ಲವೂ ಒಂದೇ ಸಂಖ್ಯೆಗೆ ಬರಲೇಬೇಕಾಯಿತು. ಇಂದು ಭಾರತದಾದ್ಯಂತ ಆ ಸಂಖ್ಯೆ 50. ಜಾಲತಾಣವೂ ಹಾಗೆಯೇ. ಒಂದು ಕಛೇರಿಯ ಒಳಗಿನ ಒಂದೇ ಬಗೆಯ ಗಣಕಗಳಿಗಾಗಿ ಕಟ್ಟಿದ ಪುಟ ಹೇಗಿದ್ದರೂ ನಡೆದೀತು. ಲೋಕಕ್ಕೆಂದು ತೆರೆದ ಪುಟ ಹಾಗಿರಲಾಗದು.

ಒಂದೇ ಬ್ರೌಸರನ್ನು ನೆಚ್ಚಿದವರ ಗತಿಯನ್ನು ನಾವು ಕಂಡೂ ಇದ್ದೇವೆ. 2001ರಲ್ಲಿ ಬಂದ ಇಂಟರ್ನೆಟ್ ಎಕ್ಸ್‌ಪ್ಲೋರರಿನ ಆರನೆಯ ಆವೃತ್ತಿಯು ಪ್ರತಿಸ್ಪರ್ಧಿಯಿಲ್ಲದೆ ಮೆರೆದಾಗ, 2006ರವರೆಗೆ ಅದಕ್ಕೆ ಹೊಸ ಆವೃತ್ತಿಯೇ ಬರಲಿಲ್ಲ. ಅದಕ್ಕೆಂದೇ ಕಟ್ಟಿದ ತಾಣಗಳು ಎಷ್ಟೋ ವರ್ಷಗಳ ಕಾಲ ಅದನ್ನು ಬಿಟ್ಟು ಕದಲಲಾರದೆ ಹೋದುವು. ಕೊನೆಗೆ 2022ರ ಜೂನ್ 15ರಂದು ಮೈಕ್ರೋಸಾಫ್ಟ್ ಆ ಬ್ರೌಸರಿಗೆ ನಿವೃತ್ತಿ ಕೊಟ್ಟಿತು. ಒಂದು ಕಾಲದಲ್ಲಿ ಚಲಿಸುವ ಚಿತ್ರಗಳಿಗೆಲ್ಲ ಆಧಾರವಾಗಿದ್ದ ಫ್ಲ್ಯಾಶ್ ಎಂಬ ಖಾಸಗಿ ತಂತ್ರವು 2020ರ ಕೊನೆಯ ದಿನ ಮುಗಿಯಿತು. ಅದರಲ್ಲಿ ರಚಿತವಾದ ಪಾಠಗಳೂ ಆಟಗಳೂ ಸಾಮಾನ್ಯ ಬ್ರೌಸರಿನಲ್ಲಿ ಈಗ ತೆರೆಯವು. ಆದರೆ ಬರ್ನರ್ಸ್-ಲೀ ಅವರು ಸರ್ನಿನಲ್ಲಿ ಬರೆದ ಮೊಟ್ಟಮೊದಲ ಜಾಲತಾಣದ ಪುಟಗಳನ್ನು ಇಂದಿನ ಯಾವ ಮೊಬೈಲಿನಲ್ಲಾದರೂ ಓದಬಹುದು. ಮಾನಕದ ಆಯುಸ್ಸು ಕಂಪೆನಿಯ ಆಯುಸ್ಸಿಗಿಂತ ದೊಡ್ಡದು.

ಮೂರನೆಯ ಆಕ್ಷೇಪ, ಪುಟದ ಸಂಕೇತವನ್ನು ಈಗ ಉಪಕರಣಗಳೇ ಬರೆಯುವುದರಿಂದ ರಚಿಸುವವನು ಮಾನಕವನ್ನು ತಿಳಿಯಬೇಕಾದುದಿಲ್ಲ ಎಂಬುದು. ಇದಕ್ಕೆ ಉತ್ತರಿಸಲು ಪುಟದ ಅಸ್ಥಿಪಂಜರವನ್ನು ಸ್ವಲ್ಪ ನೋಡಬೇಕಾಗುವುದು.

ಪುಟದ ಅಸ್ಥಿಪಂಜರ

ಯಳಂದೂರಿನ ಕಾಲೇಜಿನಲ್ಲಿ ಓದುವ, ದೃಷ್ಟಿಯಿಲ್ಲದ ವಿದ್ಯಾರ್ಥಿನಿಯೊಬ್ಬಳು ವಿದ್ಯಾರ್ಥಿವೇತನದ ಅರ್ಜಿಯನ್ನು ತುಂಬಲು ಕುಳಿತಿದ್ದಾಳೆಂದು ಭಾವಿಸೋಣ. ಅವಳ ಗಣಕದಲ್ಲಿ ಪರದೆಯ ಬರೆಹವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶವಿದೆ. ಎನ್‌ವಿಡಿಎ ಎಂಬ ಇಂತಹ ತಂತ್ರಾಂಶ ಉಚಿತವಾಗಿ ದೊರೆಯುವುದು. ಅದರೊಂದಿಗೆ ಬರುವ ಧ್ವನಿಗಳಲ್ಲಿ ಕನ್ನಡವೂ ಉಂಟು.

ಪುಟವು ಕನ್ನಡದ್ದೆಂಬ ಗುರುತು ಮೊದಲ ಸಾಲಿನಲ್ಲಿದ್ದರೆ ತಂತ್ರಾಂಶವು ತಾನಾಗಿ ಕನ್ನಡದ ಧ್ವನಿಯನ್ನು ಆರಿಸಿಕೊಳ್ಳಬಲ್ಲುದು. ಶಿರೋನಾಮೆಗಳಿಗೆ ಶಿರೋನಾಮೆಯ ಟ್ಯಾಗನ್ನೇ ಹಾಕಿದ್ದರೆ ಅವಳು ಒಂದು ಕೀಲಿಯನ್ನು ಒತ್ತಿ ಒಂದು ಭಾಗದಿಂದ ಮುಂದಿನ ಭಾಗಕ್ಕೆ ನೆಗೆಯಬಲ್ಲಳು. ಅರ್ಜಿಯ ಪ್ರತಿಯೊಂದು ಖಾಲಿ ಚೌಕಕ್ಕೂ ಅದರ ಹೆಸರನ್ನು ಮಾನಕದಂತೆ ಕಟ್ಟಿದ್ದರೆ ‘ತಂದೆಯ ಹೆಸರು’, ‘ವಾರ್ಷಿಕ ವರಮಾನ’ ಎಂದು ಅವಳ ಕಿವಿಗೆ ಕೇಳುವುದು. ಗುಂಡಿಗೆ ಗುಂಡಿಯ ಟ್ಯಾಗಿದ್ದರೆ ‘ಸಲ್ಲಿಸು, ಗುಂಡಿ’ ಎಂದು ಕೇಳುವುದು.

ಇನ್ನು ಮಾನಕವನ್ನು ಗಣಿಸದೆ ಕಟ್ಟಿದ ಪುಟ. ಅದರಲ್ಲಿ ಶಿರೋನಾಮೆಯೆಂದರೆ ದೊಡ್ಡದಾಗಿ ತೋರಿಸಿದ ಸಾಮಾನ್ಯ ಸಾಲು. ಗುಂಡಿಯೆಂದರೆ ಬಣ್ಣ ಬಳಿದ ಬರಿಯ ಚೌಕ. ಕಣ್ಣಿದ್ದವರಿಗೆ ಎರಡು ಪುಟಗಳೂ ಒಂದೇ ಬಗೆಯಾಗಿ ಕಾಣಬಹುದು. ಅವಳಿಗೋ, ‘ಬರೆಯುವ ಜಾಗ, ಬರೆಯುವ ಜಾಗ, ಬರೆಯುವ ಜಾಗ’ ಎಂದಷ್ಟೇ ಕೇಳುವುದು. ಕೊನೆಯ ಗುಂಡಿ ಇದೆಯೆಂದೇ ತಿಳಿಯದು. ಅರ್ಜಿಯ ಕೊನೆಯ ದಿನ ಕಳೆದರೆ ನಷ್ಟವಾಗುವುದು ಅವಳ ಒಂದು ವರ್ಷದ ಓದು. ಯಾವ ಸಾಲು ಶಿರೋನಾಮೆ, ಯಾವುದು ಗುಂಡಿ ಎಂಬುದನ್ನು ನಿರ್ಧರಿಸಬೇಕಾದವನು ಪುಟವನ್ನು ರಚಿಸುವವನು. ಅವನಿಗೆ ಭೇದ ತಿಳಿಯದಿದ್ದರೆ ಉಪಕರಣವು ತಪ್ಪನ್ನೇ ಬೇಗ ಬೇಗ ಬರೆದುಕೊಡುವುದು. ಮೂರನೆಯ ಆಕ್ಷೇಪಕ್ಕೆ ಇದೇ ಉತ್ತರ.

ಬೆಟ್ಟದ ಮೇಲಿನ ಓದುಗ

ಮಲೆ ಮಹದೇಶ್ವರ ಬೆಟ್ಟದ ಸುತ್ತಣ ಹಳ್ಳಿಗಳಲ್ಲಿ, ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡುಗಳಲ್ಲಿ ಮೊಬೈಲಿನ ಸಂಪರ್ಕ ಎಲ್ಲೆಡೆಯೂ ಸಮನಾಗಿ ದೊರೆಯದು. ಅಲ್ಲಿಯ ಓದುಗನಿಗೆ ಪುಟದ ತೂಕವೂ ಮುಖ್ಯ.

ಒಂದು ಸಣ್ಣ ಲೆಕ್ಕ ಮಾಡೋಣ. ಜಾಲದಲ್ಲಿ ಬಳಕೆಯಲ್ಲಿರುವ ಯುಟಿಎಫ್-8 ಎಂಬ ಕ್ರಮದಲ್ಲಿ ಕನ್ನಡದ ಒಂದು ಸಂಕೇತಕ್ಕೆ ಮೂರು ಬೈಟುಗಳು ಬೇಕು. ಆದುದರಿಂದ ಕೊಳ್ಳೇಗಾಲ ಎಂಬ ಪದದ ತೂಕ 27 ಬೈಟು. ಒಂದು ಸಾವಿರ ಸಂಕೇತಗಳ ಪ್ರಕಟಣೆಗೆ 3,000 ಬೈಟುಗಳು, ಅಂದರೆ 24,000 ಬಿಟ್ಟುಗಳು. ದಿನದ ಮಿತಿ ಮುಗಿದ ಮೇಲೆ ಅನೇಕ ಮೊಬೈಲ್ ಯೋಜನೆಗಳಲ್ಲಿ ಉಳಿಯುವ ವೇಗ ಸೆಕೆಂಡಿಗೆ 64,000 ಬಿಟ್ಟುಗಳು. ಆ ವೇಗದಲ್ಲಿಯೂ ಪ್ರಕಟಣೆಯು ಅರ್ಧ ಸೆಕೆಂಡಿನೊಳಗೆ ಬಂದು ಸೇರುವುದು. ಅದೇ ಪ್ರಕಟಣೆಯನ್ನು ಕಾಗದದಲ್ಲಿ ಅಚ್ಚುಹಾಕಿ, ಅದರ ಛಾಯಾಚಿತ್ರವನ್ನು ತಾಣದಲ್ಲಿ ಹಾಕಿದರೆ? ಚಿತ್ರವು 3 ಲಕ್ಷ ಬೈಟುಗಳದಾದರೆ 37 ಸೆಕೆಂಡು, 20 ಲಕ್ಷ ಬೈಟುಗಳದಾದರೆ ನಾಲ್ಕು ನಿಮಿಷಕ್ಕೂ ಮಿಕ್ಕಿ ಕಾಯಬೇಕು. ಅದರಲ್ಲಿ ಹುಡುಕಲು ಬಾರದು, ಅಂಧರ ತಂತ್ರಾಂಶಕ್ಕೆ ಓದಲು ಬಾರದು, ಸಣ್ಣ ಪರದೆಗೆ ತಕ್ಕಂತೆ ಸಾಲುಗಳು ಮಡಿಯವು. ಬರೆಹವನ್ನು ಬರೆಹವಾಗಿಯೇ ಕೊಡಬೇಕೆಂಬ ಸರಳ ನಿಯಮವನ್ನು ಮುರಿದುದರ ಫಲ ಇಷ್ಟು.

ನ್ಯಾಯವೂ ಮಿತಿಯೂ

ಎಲ್ಲರಿಗೂ ಎಟಕುವಂತಹ ಪುಟಗಳನ್ನು ರಚಿಸುವ ಸೂತ್ರಗಳನ್ನು ವೆಬ್ ಕನ್ಸಾರ್ಟಿಯಂ 1999ರಲ್ಲಿ ಮೊದಲು ಪ್ರಕಟಿಸಿತು. ಅದರ ಈಚಿನ 2.2 ಆವೃತ್ತಿ 2023ರದು. ಅಕ್ಷರಕ್ಕೂ ಹಿನ್ನೆಲೆಗೂ ನಡುವೆ ಬೆಳಕಿನ ಪ್ರಮಾಣವು ಕನಿಷ್ಠ 4.5ಕ್ಕೆ 1 ಇರಬೇಕೆಂಬಂತಹ ಅಳೆಯಬಲ್ಲ ನಿಯಮಗಳು ಅದರಲ್ಲಿವೆ; ಬಿಳಿಯ ಮೇಲೆ ಕಪ್ಪಿಗೆ ಈ ಪ್ರಮಾಣ 21ಕ್ಕೆ 1. ಉರಿಬಿಸಿಲಿನಲ್ಲಿ ಮೊಬೈಲು ನೋಡುವ ರೈತನಿಗೂ ಇದರಿಂದ ಪ್ರಯೋಜನ. ಭಾರತ ಸರ್ಕಾರವು ತನ್ನ ಜಾಲತಾಣಗಳಿಗಾಗಿ 2009ರಲ್ಲಿ ಮಾರ್ಗಸೂಚಿಗಳನ್ನು ಹೊರಡಿಸಿತು. ಅಂಗವಿಕಲರ ಹಕ್ಕುಗಳ 2016ರ ಕಾಯಿದೆ ಇದಕ್ಕೆ ಬಲ ಕೊಟ್ಟಿತು. ಎಟಕುವಿಕೆಯ ನಿಯಮಗಳು ಬರಿಯ ಸಲಹೆಗಳಾಗಿ ಉಳಿಯಬಾರದು, ಕಡ್ಡಾಯವಾಗಬೇಕು ಎಂದು ಸರ್ವೋಚ್ಚ ನ್ಯಾಯಾಲಯವು 2024ರ ನವೆಂಬರಿನಲ್ಲಿ ಹೇಳಿತು. 2025ರ ಏಪ್ರಿಲಿನಲ್ಲಿ, ಡಿಜಿಟಲ್ ಸೇವೆಗಳನ್ನು ಪಡೆಯುವುದು ಜೀವಿಸುವ ಹಕ್ಕಿನ ಅಂಗವೆಂದು ತೀರ್ಪಿತ್ತಿತು.

ಹಾಗೆಂದು ಮಾನಕವನ್ನು ಮಂತ್ರದಂತೆ ಜಪಿಸಿದರೆ ಸಾಲದು. ಪ್ರತಿ ಚಿತ್ರಕ್ಕೂ ವಿವರಣೆ ಬೇಕೆಂಬ ನಿಯಮವಿದೆಯೆಂದು ಎಲ್ಲ ಚಿತ್ರಗಳಿಗೂ ‘ಚಿತ್ರ’ ಎಂದೇ ಬರೆದರೆ ಪರೀಕ್ಷಕ ಯಂತ್ರವು ತೇರ್ಗಡೆ ಮಾಡೀತು, ಓದುಗನಿಗೇನೂ ದೊರೆಯದು. ತಪ್ಪುಗಳೆಲ್ಲವೂ ಸಮನಲ್ಲ, ಕೆಲವು ಯಾರಿಗೂ ಬಾಧಕವಾಗವು. ಮಾನಕಗಳನ್ನು ಮಾಡುವವರೂ ಲೋಕದ ರೂಢಿಯನ್ನು ಗಮನಿಸಬೇಕು. ಎಕ್ಸ್‌ಎಚ್‌ಟಿಎಂಎಲ್ ಎರಡನೆಯ ಆವೃತ್ತಿಯೆಂಬ ಯೋಜನೆಯು ಹಳೆಯ ಪುಟಗಳೊಂದಿಗೆ ಹೊಂದಿಕೆಯನ್ನು ಕಡಿದುಕೊಳ್ಳಹೊರಟಿತು. ಅದನ್ನು 2009ರಲ್ಲಿ ಕೈಬಿಡಬೇಕಾಯಿತು. ಈಗ ಎಚ್‌ಟಿಎಂಎಲ್ ಒಂದು ಬೆಳೆಯುತ್ತಿರುವ ಮಾನಕ, ಕಾಲಕಾಲಕ್ಕೆ ತಿದ್ದುಪಡಿಯಾಗುತ್ತಲೇ ಇರುವುದು. 2022ರಿಂದ ಪ್ರಮುಖ ಬ್ರೌಸರು ತಯಾರಕರು ‘ಇಂಟರಾಪ್’ ಎಂಬ ಹೆಸರಿನಲ್ಲಿ ಪ್ರತಿ ವರ್ಷವೂ ಕೂಡಿ, ತಮ್ಮ ನಡುವಣ ವ್ಯತ್ಯಾಸಗಳನ್ನು ಪಟ್ಟಿಮಾಡಿ ಕಡಿಮೆ ಮಾಡುತ್ತಿದ್ದಾರೆ. ಮಾನಕಗಳ ಕೆಲಸ ಮುಗಿದಿದ್ದರೆ ಪ್ರತಿಸ್ಪರ್ಧಿಗಳು ಹೀಗೆ ಒಂದೆಡೆ ಕೂಡುವ ಅಗತ್ಯವಿರುತ್ತಿರಲಿಲ್ಲ.

ನೀವೇ ಮಾಡಿ ನೋಡಿರಿ

ಈ ಕೆಳಗಿನ ಪರೀಕ್ಷೆಗಳಿಗೆ ವಿಶೇಷ ಸಲಕರಣೆ ಬೇಕಿಲ್ಲ. ನಿಮ್ಮ ಶಾಲೆಯ ಅಥವಾ ನಿಮಗೆ ಪರಿಚಿತವಾದ ಒಂದು ಕನ್ನಡ ತಾಣವನ್ನು ಆರಿಸಿಕೊಳ್ಳಿರಿ.

1. ಪುಟದ ಒಂದು ಸಾಲನ್ನು ನಕಲು ಮಾಡಿ ಬೇರೊಂದು ತಂತ್ರಾಂಶದಲ್ಲಿ ಅಂಟಿಸಿರಿ. ಕನ್ನಡವು ಕನ್ನಡವಾಗಿಯೇ ಉಳಿದರೆ ಅದು ಯುನಿಕೋಡ್. ಗೀಚಾದರೆ ಹಳೆಯ ಫಾಂಟಿನ ಬರೆಹ. ಹಳೆಯ ಪಿಡಿಎಫ್ ಕಡತಗಳಲ್ಲಿ ಇದನ್ನು ಅವಶ್ಯ ಮಾಡಿ ನೋಡಿರಿ.

2. ಮೌಸನ್ನು ಮುಟ್ಟದೆ, ಟ್ಯಾಬ್ ಕೀಲಿಯನ್ನು ಒತ್ತುತ್ತ ಪುಟದ ಎಲ್ಲ ಕೊಂಡಿಗಳಿಗೂ ಗುಂಡಿಗಳಿಗೂ ಹೋಗಬಹುದೆ? ಈಗ ಎಲ್ಲಿದ್ದೀರೆಂಬುದು ಪರದೆಯ ಮೇಲೆ ಕಾಣುವುದೆ?

3. ಅಕ್ಷರಗಳನ್ನು ಎರಡರಷ್ಟು ದೊಡ್ಡದು ಮಾಡಿರಿ. ಸಾಲುಗಳು ಒಂದರ ಮೇಲೊಂದು ಬೀಳುವುವೆ, ಅಥವಾ ಅಂದವಾಗಿ ಮಡಿಯುವುವೆ?

4. ವೆಬ್ ಕನ್ಸಾರ್ಟಿಯಂನವರು ಉಚಿತವಾಗಿ ಒದಗಿಸಿರುವ ‘ವ್ಯಾಲಿಡೇಟರ್’ ಎಂಬ ಪರೀಕ್ಷಕಕ್ಕೆ ತಾಣದ ವಿಳಾಸವನ್ನು ಕೊಡಿರಿ. ಅದು ತೋರಿಸುವ ತಪ್ಪುಗಳಲ್ಲಿ ಯಾವುವು ಓದುಗನಿಗೆ ನಿಜವಾಗಿ ತೊಂದರೆ ಕೊಡುವುವು, ಯಾವುವು ಕೊಡವು ಎಂದು ವಿಂಗಡಿಸಿರಿ.

ಈ ನಾಲ್ಕನೆಯ ವಿಂಗಡಣೆಯಲ್ಲಿಯೇ ನಿಜವಾದ ಕಲಿಕೆಯಿದೆ. ಪುಟವನ್ನು ಬರೆಯುವವನು ತನ್ನ ಓದುಗರನ್ನೆಲ್ಲ ಕಾಣಲಾರನು. ಅವರಲ್ಲಿ ಒಬ್ಬನ ಮೊಬೈಲು ಹಳೆಯದಿರಬಹುದು, ಒಬ್ಬಳಿಗೆ ದೃಷ್ಟಿಯಿಲ್ಲದಿರಬಹುದು, ಮತ್ತೊಬ್ಬನು ಇಪ್ಪತ್ತು ವರ್ಷಗಳ ಮೇಲೆ ಈ ಪುಟವನ್ನು ಹುಡುಕಿಕೊಂಡು ಬರಬಹುದು. ಇವರೆಲ್ಲರಿಗೂ ಪುಟವು ತೆರೆಯಬೇಕಾದರೆ, ಬರೆಯುವವನೂ ಅವರ ಯಂತ್ರಗಳೂ ಮೊದಲೇ ಒಂದು ಮಾತಿಗೆ ಒಪ್ಪಿರಬೇಕು. ತಕ್ಕಡಿಯಲ್ಲಿ ಕಿಲೋಗ್ರಾಂ ಮಾಡುವ ಕೆಲಸವನ್ನೇ ಜಾಲದಲ್ಲಿ ಆ ಒಪ್ಪಂದವು ಮಾಡುವುದು.